ಆರ್ದ್ರೆಯ ಹೊಳಪು ಅಳೆಯುವುದು ಹೇಗೆ: ಕೆಂಪು ಮಹಾದೈತ್ಯದ ಲೆಕ್ಕ ಇಡುವವರಿಗೆ ಸಮಗ್ರ ಮಾರ್ಗದರ್ಶಿ

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಭುಜದಲ್ಲಿ ಕಿತ್ತಳೆಗೆಂಪಾಗಿ ಕಾಣುವ ಆರ್ದ್ರಾ ನಕ್ಷತ್ರದ ಹೊಳಪು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬೀಟಲ್‌ಜ್ಯೂಸ್ ಎಂದು ಪತ್ರಿಕೆಗಳಲ್ಲಿ ಓದುವುದು ಇದರ ಬಗ್ಗೆಯೇ. ಇದು ಕೆಂಪು ಮಹಾದೈತ್ಯ, ಅಂದರೆ ಆಯುಷ್ಯದ ಕೊನೆಯ ಭಾಗದಲ್ಲಿ ಹಿಗ್ಗಿ ತಣಿದ ಭಾರಿ ನಕ್ಷತ್ರ. ಜಾನ್ ಹರ್ಷೆಲ್ 1836ರಲ್ಲಿ ಈ ಏರಿಳಿತವನ್ನು ಗುರುತಿಸಿದ್ದು ಬರಿಗಣ್ಣಿನಿಂದ. ಇವತ್ತಿಗೂ ಬರಿಗಣ್ಣಿನ ವೀಕ್ಷಕರಿಗೆ ಇಲ್ಲಿ ಕೆಲಸವಿದೆ. ದೊಡ್ಡ ದೂರದರ್ಶಕಗಳ ಕ್ಯಾಮೆರಾಗಳಿಗೆ ಈ ನಕ್ಷತ್ರ ಅತಿಯಾಗಿ ಪ್ರಖರ. ಹಾಗಾಗಿ ವರ್ಷಗಟ್ಟಲೆ ಬಿಡದೆ ಹೊಳಪು ಬರೆದಿಡುವವರು ಹೆಚ್ಚಾಗಿ ಹವ್ಯಾಸಿಗಳೇ.

2019ರ ಅಕ್ಟೋಬರ್‌ನಿಂದ ಇಳಿಯತೊಡಗಿದ ಆರ್ದ್ರಾ 2020ರ ಫೆಬ್ರವರಿ ಎರಡನೇ ವಾರದಲ್ಲಿ 1.6 ಕಾಂತಿಮಾನಕ್ಕೆ (ಈ ಅಳತೆಯಲ್ಲಿ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) ಬಂದು ನಿಂತಾಗ, ಇನ್ನೇನು ಸಿಡಿಯುತ್ತದೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಸಿಡಿಯಲಿಲ್ಲ. ನೀವು ಅಳೆಯುವುದು ನಕ್ಷತ್ರದ ಹೊರಮೈಯನ್ನು, ಅದರ ಮುಂದೆ ಬಂದು ನಿಂತ ದೂಳನ್ನು. ತಿರುಳಿನಲ್ಲಿ ಏನು ನಡೆದಿದೆ ಎಂಬುದು ಈ ಹೊಳಪಿನಲ್ಲಿ ಕಾಣುವುದಿಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಅಳತೆಗೆಲ್ಲ ಅರ್ಥ ಬರುತ್ತದೆ.

ಯಾವಾಗ ನೋಡಬೇಕು

ಸೂರ್ಯ ಆರ್ದ್ರಾ ನಕ್ಷತ್ರದಲ್ಲಿರುವ ಜೂನ್ ಕೊನೆ ಮತ್ತು ಜುಲೈ ಮೊದಲ ದಿನಗಳಲ್ಲಿ ನಮಗೆ ಆರಿದ್ರಾ ಮಳೆ. ಆಗ ಆ ಭಾಗದ ಆಕಾಶ ಹಗಲಿನಲ್ಲಿರುವುದರಿಂದ ನಕ್ಷತ್ರ ಕಾಣುವುದೇ ಇಲ್ಲ. ಆಗಸ್ಟ್‌ನಲ್ಲಿ ಬೆಳಗಿನ ಜಾವ ಪೂರ್ವದಲ್ಲಿ ಮತ್ತೆ ಮೂಡುತ್ತದಾದರೂ ಮೋಡ ಬಿಡುವುದಿಲ್ಲ. ಕರ್ನಾಟಕದಲ್ಲಿ ನೆಚ್ಚಬಹುದಾದ ವೀಕ್ಷಣೆ ಶುರುವಾಗುವುದು ಅಕ್ಟೋಬರ್‌ನಲ್ಲಿ, ಮುಗಿಯುವುದು ಮೇ ಮೊದಲ ವಾರದಲ್ಲಿ.

ಬೆಂಗಳೂರಿನ ಗಡಿಯಾರದ ಪ್ರಕಾರ ಆರ್ದ್ರಾ ಅತಿ ಎತ್ತರಕ್ಕೆ ಬರುವ ಹೊತ್ತು ಹೀಗಿದೆ: ಅಕ್ಟೋಬರ್ 1ರಂದು ಬೆಳಗಿನ ಜಾವ 5.40ರ ಸುಮಾರು, ಜನವರಿ 1ರಂದು ರಾತ್ರಿ 11.30, ಫೆಬ್ರವರಿ 1ರಂದು ರಾತ್ರಿ 9.30, ಮಾರ್ಚ್ 1ರಂದು ಸಂಜೆ 7.40. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಸರಿಯುತ್ತಾ ಹೋಗುತ್ತದೆ.

ನಮ್ಮ ಅಕ್ಷಾಂಶಕ್ಕೆ ಇಲ್ಲೊಂದು ಅನುಕೂಲವಿದೆ. ನಕ್ಷತ್ರ ಇರುವುದು ಖಗೋಳ ವಿಷುವದ್ವೃತ್ತದಿಂದ 7.4 ಡಿಗ್ರಿ ಉತ್ತರಕ್ಕೆ. ಬೆಂಗಳೂರು, ಮಂಗಳೂರುಗಳಲ್ಲಿ ಅದು 84 ಡಿಗ್ರಿ ಎತ್ತರಕ್ಕೆ ಏರುತ್ತದೆ, ಬೀದರ್‌ನಲ್ಲಿ ಸುಮಾರು 79ಕ್ಕೆ. ಹೋಲಿಕೆಗೆ ಬೇಕಾದ ಪ್ರೋಸಿಯಾನ್ ಮತ್ತು ರೋಹಿಣಿ ಕೂಡ ನೆತ್ತಿಯ ಹತ್ತಿರವೇ ಹಾಯುತ್ತವೆ. ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ ಕುಳಿತವರಿಗೆ ಈ ಭಾಗ್ಯವಿಲ್ಲ.

ಬೇಕಾದ ಸಾಮಾನು

ಒಂದು ನೋಟ್‌ಬುಕ್, ಸರಿಯಾದ ಸಮಯ ತೋರಿಸುವ ಗಡಿಯಾರ, ಕೆಂಪು ಕಾಗದ ಸುತ್ತಿದ ಟಾರ್ಚ್. ನಕ್ಷತ್ರಗಳ ಎತ್ತರ ತಿಳಿಯಲು ಸ್ಟೆಲೇರಿಯಂನಂಥ ಒಂದು ಆ್ಯಪ್. ಆ್ಯಪ್ ಇಲ್ಲದಿದ್ದರೆ ಮುಷ್ಟಿಯೇ ಅಳತೆಗೋಲು: ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಬೀದಿದೀಪದ ಬೆಳಕು ನೇರ ಕಣ್ಣಿಗೆ ಬೀಳದ ಮೂಲೆ ಇದ್ದರೆ ನಗರದ ತಾರಸಿಯಿಂದಲೂ ಈ ಕೆಲಸ ಆಗುತ್ತದೆ, ಯಾಕೆಂದರೆ ಇಲ್ಲಿ ಬೇಕಾದ ನಕ್ಷತ್ರಗಳೆಲ್ಲ ಪ್ರಖರವಾದವೇ.

ಹೋಲಿಕೆ ನಕ್ಷತ್ರಗಳು

ಹೊಳಪನ್ನು ಹೇಳುವ ಅಂಕಿಗೆ ಕಾಂತಿಮಾನ ಎನ್ನುತ್ತೇವೆ. ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಈ ಕೆಳಗಿನವು ಬಾಯಿಪಾಠವಾಗಿರಲಿ:

- ಬ್ರಹ್ಮಹೃದಯ (ಕೆಪೆಲ್ಲಾ): 0.1
- ರೀಜೆಲ್, ಮಹಾವ್ಯಾಧನ ಕಾಲು: 0.1ರಿಂದ 0.2
- ಪ್ರೋಸಿಯಾನ್: 0.4
- ರೋಹಿಣಿ: 0.9
- ಪೊಲಕ್ಸ್, ಪುನರ್ವಸು ಜೋಡಿಯಲ್ಲಿ ಪ್ರಖರವಾದದ್ದು: 1.1
- ಕ್ಯಾಸ್ಟರ್, ಅದರ ಜೊತೆಗಾರ: 1.6
- ಬೆಲಾಟ್ರಿಕ್ಸ್, ಮಹಾವ್ಯಾಧನ ಇನ್ನೊಂದು ಭುಜ: 1.6

ಲುಬ್ಧಕ (ಸಿರಿಯಸ್) −1.5. ಅದನ್ನು ಈ ಲೆಕ್ಕಕ್ಕೆ ತರಬೇಡಿ, ಅಷ್ಟು ದೊಡ್ಡ ಅಂತರವನ್ನು ಕಣ್ಣು ಸರಿಯಾಗಿ ತೂಗಲಾರದು. ಗುರುಗ್ರಹ ಮಿಥುನ, ವೃಷಭಗಳಲ್ಲಿದ್ದರೆ ಅದನ್ನೂ ಬಿಡಿ.

ಮೊದಲ ಕೆಲವು ರಾತ್ರಿ ಆರ್ದ್ರೆಯನ್ನು ಮುಟ್ಟದೆ ಅಭ್ಯಾಸ ಮಾಡುವುದು ಒಳ್ಳೆಯದು. ಪೊಲಕ್ಸ್ ಮತ್ತು ಕ್ಯಾಸ್ಟರ್ ನಡುವಿನ ವ್ಯತ್ಯಾಸವನ್ನು ನೋಡಿ. ಅರ್ಧ ಕಾಂತಿಮಾನ ಎಂದರೆ ಹೆಚ್ಚುಕಮ್ಮಿ ಅಷ್ಟೇ. ಆಮೇಲೆ ಪೊಲಕ್ಸ್‌ನ ಅಂಕಿ ಗೊತ್ತಿಲ್ಲ ಎಂದುಕೊಂಡು ರೋಹಿಣಿ ಮತ್ತು ಕ್ಯಾಸ್ಟರ್ ನಡುವೆ ಅದನ್ನು ಅಂದಾಜು ಮಾಡಿ. 1.0ರಿಂದ 1.2ರ ನಡುವೆ ಬಂದರೆ ನಿಮ್ಮ ಕಣ್ಣು ತಯಾರಾಗಿದೆ.

ಅಂದಾಜು ಮಾಡುವ ಕ್ರಮ

1. ಆರ್ದ್ರೆಗಿಂತ ಸ್ವಲ್ಪ ಪ್ರಖರವಾದ ಒಂದು, ಸ್ವಲ್ಪ ಮಂಕಾದ ಒಂದು ಹೋಲಿಕೆ ನಕ್ಷತ್ರ ಆರಿಸಿ. ಸಾಮಾನ್ಯವಾಗಿ ಪ್ರೋಸಿಯಾನ್ ಮತ್ತು ರೋಹಿಣಿ.

2. ಎರಡನ್ನೂ ಆರ್ದ್ರೆಯನ್ನೂ ಸರದಿಯಂತೆ ಎರಡೆರಡು ಸೆಕೆಂಡ್ ನೋಡಿ. ಯಾವುದರ ಮೇಲೂ ಕಣ್ಣು ನೆಡಬೇಡಿ.

3. ಎರಡರ ನಡುವಿನ ಅಂತರವನ್ನು ಹತ್ತು ಪಾಲು ಮಾಡಿ, ಪ್ರಖರ ನಕ್ಷತ್ರದಿಂದ ಆರ್ದ್ರಾ ಎಷ್ಟನೇ ಪಾಲಿನಲ್ಲಿದೆ ಎಂದು ನಿರ್ಧರಿಸಿ. ನಾಲ್ಕನೇ ಪಾಲು ಎನ್ನಿಸಿದರೆ 0.4 + (0.5 × 0.4) = 0.6.

4. ಇನ್ನೊಂದು ಜೋಡಿಯಿಂದ ಮತ್ತೆ ಮಾಡಿ. ರೀಜೆಲ್ ಮತ್ತು ಪೊಲಕ್ಸ್ ಆಗಬಹುದು. ಎರಡು ಅಂದಾಜುಗಳ ನಡುವೆ 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ತೆಳುಮೋಡ ಇದೆಯೇ ನೋಡಿ, ಇಲ್ಲವೇ ಮುಂದೆ ಹೇಳುವ ಗಾಳಿಯ ಲೆಕ್ಕದಲ್ಲಿ ಎಡವಟ್ಟಾಗಿದೆ.

5. ಹಳೆಯ ಪುಟ ತೆಗೆಯುವ ಮೊದಲೇ ಅಂಕಿ ಬರೆದುಬಿಡಿ. ಹೋದ ವಾರ 0.6 ಇತ್ತೆಂದು ನೆನಪಾದರೆ ಈ ವಾರವೂ 0.6 ಕಾಣುವುದು ಮನುಷ್ಯ ಸಹಜ. ಜಾಲತಾಣಗಳಲ್ಲಿ ಈಗಿನ ಹೊಳಪು ಎಷ್ಟೆಂದು ನೋಡಿ ಹೊರಗೆ ಬರುವವರ ಅಳತೆಗೆ ಬೆಲೆಯಿಲ್ಲ.

ತಲೆ ಹಿಡಿಯುವ ಭಂಗಿಯಿಂದಲೂ ತಪ್ಪಾಗುತ್ತದೆ. ಎರಡು ನಕ್ಷತ್ರಗಳು ಮೇಲೆ ಕೆಳಗೆ ಇದ್ದರೆ ಕಣ್ಣು ಒಂದರ ಪಕ್ಷ ವಹಿಸುತ್ತದೆ. ಕಣ್ಣುಗಳೆರಡನ್ನು ಸೇರಿಸುವ ಗೆರೆ ನಕ್ಷತ್ರಗಳನ್ನು ಸೇರಿಸುವ ಗೆರೆಗೆ ಸಮಾನಾಂತರವಾಗುವಂತೆ ತಲೆ ವಾಲಿಸಿ. ನೆತ್ತಿಯ ಮೇಲಿನ ನಕ್ಷತ್ರಗಳಿಗೆ ಚಾಪೆ ಹಾಸಿ ಮಲಗುವುದೇ ಸರಿ.

ಗಾಳಿಯ ಲೆಕ್ಕ: ಎಲ್ಲರೂ ಎಡವುವ ಜಾಗ

ಬೆಳಕು ಗಾಳಿಯೊಳಗೆ ಹಾದು ಬರುವಾಗ ಮಂಕಾಗುತ್ತದೆ. ದಿಗಂತದ ಹತ್ತಿರದ ನಕ್ಷತ್ರದ ಬೆಳಕು ಹೆಚ್ಚು ಗಾಳಿ ದಾಟಬೇಕು. ನೆತ್ತಿಯ ಮೇಲಿನ ಗಾಳಿಯ ದಪ್ಪವನ್ನು 1 ಎಂದಿಟ್ಟುಕೊಂಡರೆ 60 ಡಿಗ್ರಿ ಎತ್ತರದಲ್ಲಿ 1.15, 45ರಲ್ಲಿ 1.41, 30ರಲ್ಲಿ 2.0, 20ರಲ್ಲಿ 2.9, 10ರಲ್ಲಿ 5.6. ಇದಕ್ಕೆ ಏರ್‌ಮಾಸ್ ಎಂದು ಹೆಸರು.

ಒಂದು ಏರ್‌ಮಾಸ್‌ಗೆ ಎಷ್ಟು ಕಾಂತಿಮಾನ ನಷ್ಟ ಎಂಬುದು ಆ ರಾತ್ರಿಯ ಗಾಳಿಯನ್ನು ಅವಲಂಬಿಸಿದೆ. ಬೆಟ್ಟದ ಮೇಲಿನ ಶುಭ್ರ ರಾತ್ರಿಗೆ 0.2, ಬಯಲುಸೀಮೆಯ ಸಾಧಾರಣ ರಾತ್ರಿಗೆ 0.3, ಕರಾವಳಿಯ ತೇವ ಅಥವಾ ನಗರದ ಹೊಗೆ ಮಬ್ಬಿಗೆ 0.4 ಹಿಡಿಯಿರಿ.

ಹೊಸಬರು ಮೋಸ ಹೋಗುವ ಒಂದು ಸಂದರ್ಭ ನೋಡಿ. ಜನವರಿ 1, ರಾತ್ರಿ 8.30, ಬೆಂಗಳೂರು. ಆರ್ದ್ರಾ ಪೂರ್ವದಲ್ಲಿ 45 ಡಿಗ್ರಿ ಎತ್ತರದಲ್ಲಿದೆ, ಪ್ರೋಸಿಯಾನ್ ಆಗತಾನೆ ಏರಿ 20ರಲ್ಲಿದೆ, ರೋಹಿಣಿ 65ರ ಆಸುಪಾಸು. ನಷ್ಟ ಏರ್‌ಮಾಸ್‌ಗೆ 0.3 ಎನ್ನೋಣ. ಪ್ರೋಸಿಯಾನ್ ಕಣ್ಣಿಗೆ ಕಾಣುವುದು 0.4 + 0.87 = 1.27 ಆಗಿ. ರೋಹಿಣಿ 0.9 + 0.33 = 1.23 ಆಗಿ. ಅಂದರೆ ನಿಜವಾಗಿ ಅರ್ಧ ಕಾಂತಿಮಾನ ಪ್ರಖರವಾದ ಪ್ರೋಸಿಯಾನ್ ಆ ಹೊತ್ತಿಗೆ ರೋಹಿಣಿಗಿಂತ ಕೂದಲೆಳೆ ಮಂಕು! ಆರ್ದ್ರೆಯ ನಿಜವಾದ ಹೊಳಪು 0.6 ಇದ್ದರೆ ಕಾಣುವುದು 1.02. ಅದು ಎರಡನ್ನೂ ಮೀರಿ ಹೊಳೆಯುತ್ತದೆ. ಲೆಕ್ಕ ಹಾಕದವರು ‘ಪ್ರೋಸಿಯಾನ್‌ಗಿಂತ ಪ್ರಖರ, 0.2’ ಎಂದು ಬರೆದುಕೊಂಡು ಆರ್ದ್ರಾ ಹಠಾತ್ತನೆ ಏರಿದೆ ಎಂದು ಸಂಭ್ರಮಿಸುತ್ತಾರೆ.

ತಿದ್ದುವ ವಿಧಾನ ಕಷ್ಟದ್ದಲ್ಲ. ಹೋಲಿಕೆ ನಕ್ಷತ್ರಗಳ ಅಂಕಿಗೆ ಅವುಗಳ ಏರ್‌ಮಾಸ್ ಮತ್ತು ನಷ್ಟದ ಗುಣಲಬ್ಧ ಕೂಡಿಸಿ, ಆ ಹೊಸ ಅಂಕಿಗಳ ನಡುವೆ ಆರ್ದ್ರೆಯನ್ನು ಅಂದಾಜಿಸಿ, ಬಂದದ್ದರಿಂದ ಆರ್ದ್ರೆಯ ಏರ್‌ಮಾಸ್‌ನ ನಷ್ಟ ಕಳೆಯಿರಿ. ಆದರೆ ಇದಕ್ಕಿಂತ ಉತ್ತಮ ಉಪಾಯ ಕಾಯುವುದು. ಅದೇ ರಾತ್ರಿ 10.30ಕ್ಕೆ ಆರ್ದ್ರಾ 70 ಡಿಗ್ರಿ ದಾಟಿರುತ್ತದೆ, ಪ್ರೋಸಿಯಾನ್ 50ರ ಹತ್ತಿರ ಬಂದಿರುತ್ತದೆ. ಆಗ ಎರಡರ ನಷ್ಟದ ವ್ಯತ್ಯಾಸ 0.1ಕ್ಕಿಂತ ಕಡಿಮೆ, ಕಣ್ಣಿನ ಸಹಜ ತಪ್ಪಿನೊಳಗೇ ಮುಗಿಯುತ್ತದೆ. ಯಾವುದೇ ನಕ್ಷತ್ರ 30 ಡಿಗ್ರಿಗಿಂತ ಕೆಳಗಿದ್ದರೆ ಆ ಜೋಡಿಯನ್ನು ಕೈಬಿಡಿ.

ಕೆಂಪು ಬಣ್ಣದ ತೊಡಕು

ಆರ್ದ್ರೆಯ ಮೇಲ್ಮೈ ಉಷ್ಣತೆ ಸುಮಾರು 3,600 ಕೆಲ್ವಿನ್. ಖಗೋಳಶಾಸ್ತ್ರಜ್ಞರು ಬಣ್ಣ ಸೂಚಿಸಲು ಬಳಸುವ ಬಿ−ವಿ ಎಂಬ ಅಂಕಿ ಇದಕ್ಕೆ 1.85, ರೋಹಿಣಿಗೆ 1.5, ಪೊಲಕ್ಸ್‌ಗೆ 1.0, ಪ್ರೋಸಿಯಾನ್‌ಗೆ 0.4, ರೀಜೆಲ್‌ಗೆ ಸೊನ್ನೆಯ ಹತ್ತಿರ. ಸರಾಸರಿ ಮನುಷ್ಯನ ಕಣ್ಣು ಕೆಂಪು ನಕ್ಷತ್ರವನ್ನು ಉಪಕರಣಕ್ಕಿಂತ ಮಂಕಾಗಿ ನೋಡುತ್ತದೆ, ಬಿ−ವಿಯ ಸುಮಾರು 0.21 ಪಟ್ಟು. ಹಾಗಾಗಿ ರೀಜೆಲ್ ಜೊತೆ ಹೋಲಿಸಿದರೆ ಆರ್ದ್ರಾ 0.4ರಷ್ಟು ಮಂಕಾಗಿ ಬರಬಹುದು, ರೋಹಿಣಿ ಜೊತೆ ಹೋಲಿಸಿದರೆ 0.07ರಷ್ಟು ಮಾತ್ರ. ಬಣ್ಣದಲ್ಲಿ ಹತ್ತಿರವಿರುವ ರೋಹಿಣಿ ಈ ಕಾರಣಕ್ಕೇ ಅಮೂಲ್ಯ. ಅದರ ಹೊಳಪೂ ತುಸು ಅಲುಗಾಡುತ್ತದೆ ನಿಜ, ಆದರೆ ನಮ್ಮ ಕೆಲಸಕ್ಕೆ ಅಡ್ಡಿಯಾಗುವಷ್ಟಲ್ಲ.

ಇದಕ್ಕೆ ತಿರುಗಾ ಇನ್ನೊಂದು ತೊಂದರೆಯಿದೆ. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತಾ ಹೋದರೆ ಅದು ನೋಡನೋಡುತ್ತಲೇ ಪ್ರಖರವಾಗುತ್ತದೆ. ಎರಡು ಸೆಕೆಂಡಿನ ನಿಯಮ ಅದಕ್ಕಾಗಿಯೇ. ಸಮೀಪದೃಷ್ಟಿ ಇರುವವರು ಕನ್ನಡಕ ತೆಗೆದು ನೋಡಲಿ: ನಕ್ಷತ್ರಗಳು ಚುಕ್ಕಿಯ ಬದಲು ಮಸುಕು ಬಿಲ್ಲೆಗಳಾಗುತ್ತವೆ, ಮಿನುಗು ತಗ್ಗುತ್ತದೆ, ಹೋಲಿಸುವುದು ಸುಲಭ.

ಬಣ್ಣದ ತಿದ್ದುಪಡಿಯನ್ನು ನೀವೇ ಮಾಡಿ ವರದಿಗೆ ಸೇರಿಸಬೇಡಿ. ಕಣ್ಣು ಕೊಟ್ಟ ಅಂಕಿಯನ್ನೇ ಬರೆಯಿರಿ. ವರ್ಷವಿಡೀ ಅದೇ ಹೋಲಿಕೆ ನಕ್ಷತ್ರಗಳನ್ನು ಬಳಸಿದರೆ ನಿಮ್ಮ ಕಣ್ಣಿನ ಓರೆ ಎಲ್ಲ ಅಳತೆಗಳಲ್ಲೂ ಒಂದೇ ಸಮ ಇರುತ್ತದೆ, ಏರಿಳಿತದ ಆಕಾರ ಕೆಡುವುದಿಲ್ಲ.

ದಾಖಲೆ

ವಾರಕ್ಕೊಂದು ಅಳತೆ ಸಾಕು. ನಿಧಾನಕ್ಕೆ ಬದಲಾಗುವ ಈ ನಕ್ಷತ್ರವನ್ನು ದಿನಕ್ಕೆ ಮೂರು ಬಾರಿ ಅಳೆದು ಸಿಗುವುದೇನಿಲ್ಲ. ಪ್ರತಿ ಸಾಲಿನಲ್ಲಿ ದಿನಾಂಕ, ಸಮಯ, ಅಂದಾಜು, ಬಳಸಿದ ಹೋಲಿಕೆ ನಕ್ಷತ್ರಗಳು, ಎತ್ತರಗಳು, ಚಂದ್ರ ಅಥವಾ ಮೋಡದ ಟಿಪ್ಪಣಿ ಇರಲಿ.

1911ರಲ್ಲಿ ಸ್ಥಾಪನೆಯಾದ ಅಮೆರಿಕದ ಎಎವಿಎಸ್‌ಒ, ಅಂದರೆ ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಸ್ಥೆ, ಜಗತ್ತಿನ ಯಾರಿಂದ ಬೇಕಾದರೂ ಇಂಥ ಅಳತೆ ಸ್ವೀಕರಿಸುತ್ತದೆ. ಅದರ ತಾಣದಲ್ಲಿ ನೋಂದಾಯಿಸಿ ವೀಕ್ಷಕ ಸಂಕೇತ ಪಡೆಯಿರಿ, ನಕ್ಷೆ ಇಳಿಸಿಕೊಳ್ಳಿ, ನಕ್ಷೆಯ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸಿ. ಹೋಲಿಕೆ ಅಂಕಿಗಳು ಆ ನಕ್ಷೆಯಲ್ಲಿದ್ದಂತೆಯೇ ಇರಬೇಕು. ಸಮಯವನ್ನು ಜೂಲಿಯನ್ ದಿನದಲ್ಲಿ (ಖಗೋಳಶಾಸ್ತ್ರಜ್ಞರು ದಿನಗಳಿಗೆ ಕೊಡುವ ನಿರಂತರ ಎಣಿಕೆಯಲ್ಲಿ) ಕೊಡಬೇಕಾದಾಗ ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆಯಲು ಮರೆಯಬೇಡಿ. 2026ರ ಜನವರಿ 1ರ ಶೂನ್ಯ ಗಂಟೆ, ವಿಶ್ವಸಮಯದಲ್ಲಿ, 2461041.5. ಅದೇ ದಿನ ರಾತ್ರಿ 9.30ಕ್ಕೆ ನೋಡಿದರೆ ವಿಶ್ವಸಮಯ 16 ಗಂಟೆ, ಆಗ 2461042.167. ಜೂಲಿಯನ್ ದಿನ ಬದಲಾಗುವುದು ಮಧ್ಯಾಹ್ನಕ್ಕೆ ಎಂಬುದು ತಲೆಯಲ್ಲಿದ್ದರೆ ಒಂದು ದಿನದ ತಪ್ಪು ಆಗುವುದಿಲ್ಲ.

ಕ್ಯಾಮೆರಾ ಇದ್ದರೆ

ಕಣ್ಣಿನ ಅಳತೆಯಲ್ಲಿ 0.2ರಷ್ಟು ಆಚೀಚೆ ಆಗುವುದು ಸಹಜ. ಡಿಎಸ್‌ಎಲ್‌ಆರ್ ಅದನ್ನು ಬಹಳ ತಗ್ಗಿಸುತ್ತದೆ. ಎಪಿಎಸ್‌-ಸಿ ಸೆನ್ಸರ್‌ಗೆ 18 ಮಿ.ಮೀ. ಲೆನ್ಸ್ ಹಾಕಿದರೆ ರೋಹಿಣಿ, ಆರ್ದ್ರಾ, ಪ್ರೋಸಿಯಾನ್ ಮೂರೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಟ್ರೈಪಾಡ್ ಮೇಲೆ ಐಎಸ್‌ಒ 100ರಿಂದ 200, 5 ಸೆಕೆಂಡ್‌ನಂತೆ ಇಪ್ಪತ್ತು ಚಿತ್ರ, ರಾ ಫೈಲ್‌ನಲ್ಲಿ. ಫೋಕಸ್ ಬೇಕೆಂದೇ ಸ್ವಲ್ಪ ಕೆಡಿಸಿ. ಚೂಪಾದ ಚುಕ್ಕಿಯಲ್ಲಿ ನಡುವಿನ ಪಿಕ್ಸೆಲ್‌ಗಳು ತುಂಬಿ ಹೋಗುತ್ತವೆ, ತುಂಬಿದ ಪಿಕ್ಸೆಲ್‌ನಿಂದ ಹೊಳಪು ತಿಳಿಯುವುದಿಲ್ಲ. ಮೊದಲ ಚಿತ್ರ ತೆಗೆದೊಡನೆ ಗರಿಷ್ಠ ಮೌಲ್ಯ ಸೆನ್ಸರ್ ಮಿತಿಯ ಮುಕ್ಕಾಲು ಭಾಗದೊಳಗಿದೆಯೇ ಎಂದು ನೋಡಿ.

ಹಸಿರು ಚಾನೆಲ್ ಮಾತ್ರ ಅಳೆಯಿರಿ, ಅದೇ ವೃತ್ತಿಪರರ ವಿ ಫಿಲ್ಟರ್‌ಗೆ ಹತ್ತಿರ. ಅಗಲ ಲೆನ್ಸ್‌ನ ಅಂಚುಗಳು ಮಂಕಾಗುವುದರಿಂದ ಫ್ಲ್ಯಾಟ್ ಚಿತ್ರ, ಅಂದರೆ ಅಂಚಿನ ಮಂಕನ್ನು ತಿದ್ದಲು ಒಂದೇ ಸಮ ಬೆಳಗಿದ ಮೈಯ ಚಿತ್ರ, ಕಡ್ಡಾಯ. ಅದಿಲ್ಲದೆ ಮೂಲೆಯ ಪ್ರೋಸಿಯಾನ್ ಮಂಕಾಗಿ, ನಡುವಿನ ಆರ್ದ್ರಾ ಸುಳ್ಳೇ ಪ್ರಖರವಾಗುತ್ತದೆ. ಬಣ್ಣದ ತಿದ್ದುಪಡಿ ಇಲ್ಲಿ ಮಾತ್ರ ಮಾಡಬೇಕು. ಮೊಬೈಲ್ ಫೋನಿನ ರಾತ್ರಿ ಮೋಡ್ ಚಿತ್ರಗಳು ಈ ಕೆಲಸಕ್ಕೆ ಬಾರವು, ಅದರ ತಂತ್ರಾಂಶ ಹೊಳಪನ್ನು ತನಗೆ ಬೇಕಾದಂತೆ ತಿದ್ದಿರುತ್ತದೆ.

ಗ್ರಾಫ್ ಓದುವುದು

ಒಂದು ಋತುವಿನ ಅಳತೆಗಳನ್ನು ಹತ್ತು ದಿನಗಳ ಸರಾಸರಿಯಾಗಿ ಗ್ರಾಫ್ ಹಾಕಿ. ಅಡ್ಡಗೆರೆಯಲ್ಲಿ ದಿನ, ನಿಂತಗೆರೆಯಲ್ಲಿ ಕಾಂತಿಮಾನ, ಚಿಕ್ಕ ಅಂಕಿ ಮೇಲಕ್ಕೆ. ಎರಡು ಮೂರು ವರ್ಷ ಮುಗಿಯುವ ಹೊತ್ತಿಗೆ ಸುಮಾರು 400 ದಿನಗಳ ಅಲೆ ಕಾಣತೊಡಗುತ್ತದೆ. ಇದು ನಕ್ಷತ್ರವೇ ಹಿಗ್ಗಿ ಕುಗ್ಗುವ ಮಿಡಿತ. ಅದರ ಮೇಲೆ ಸುಮಾರು 2,100 ದಿನಗಳ, ಅಂದರೆ ಆರು ವರ್ಷಕ್ಕೆ ಹತ್ತಿರದ, ಇನ್ನೊಂದು ನಿಧಾನದ ಅಲೆ ಕೂತಿದೆ. ಇವೆರಡರ ಜೊತೆಗೆ ಯಾವ ಲೆಕ್ಕಕ್ಕೂ ಸಿಗದ ಏರುಪೇರುಗಳು: ಸೂರ್ಯನ ಮೈಮೇಲೆ ಲಕ್ಷಾಂತರ ಸಣ್ಣ ಸಂವಹನ ಗುಳ್ಳೆಗಳಿದ್ದರೆ (ಒಳಗಿನಿಂದ ಮೇಲೇಳುವ ಬಿಸಿ ಅನಿಲದ ಗುಳ್ಳೆಗಳು) ಇಂಥ ಮಹಾದೈತ್ಯದಲ್ಲಿ ಕೆಲವೇ ಕೆಲವು, ಒಂದೊಂದೂ ನಕ್ಷತ್ರದ ಗಾತ್ರಕ್ಕೆ ಹೋಲಿಸಬಹುದಾದಷ್ಟು ದೊಡ್ಡವು. ಒಂದು ತಣ್ಣಗಾದರೆ ಇಡೀ ನಕ್ಷತ್ರ ಮಂಕಾಗುತ್ತದೆ.

2,100 ದಿನಗಳ ಅಲೆಗೆ ಕಾರಣ ಏನೆಂಬ ಜಗಳ ಕುತೂಹಲದ್ದು. ಅದೇ ಮೂಲ ಮಿಡಿತವಾಗಿದ್ದರೆ ನಕ್ಷತ್ರ ಇನ್ನೂ ಬಹಳ ದೊಡ್ಡದಿರಬೇಕು, ಇಂಗಾಲ ಉರಿಯುವ ಕೊನೆಯ ಹಂತಕ್ಕೆ ಬಂದಿರಬೇಕು ಎಂದು 2023ರಲ್ಲಿ ಒಂದು ತಂಡ ವಾದಿಸಿತು. ಆದರೆ ಅಳೆದ ವ್ಯಾಸಕ್ಕೆ ಅದು ಹೊಂದುವುದಿಲ್ಲ. 1920ರ ಡಿಸೆಂಬರ್‌ನಲ್ಲಿ ಮೌಂಟ್ ವಿಲ್ಸನ್‌ನಲ್ಲಿ ಮೈಕೆಲ್ಸನ್ ಮತ್ತು ಪೀಸ್ 0.047 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಎಂದು ಅಳೆದದ್ದು ಸೂರ್ಯನಾಚೆಯ ಒಂದು ನಕ್ಷತ್ರದ ವ್ಯಾಸವನ್ನು ಈ ರೀತಿ ನೇರವಾಗಿ ಪಡೆದ ಮೊದಲ ಅಳತೆ. 2020ರ ಒಂದು ಅಧ್ಯಯನ ತ್ರಿಜ್ಯವನ್ನು ಸೂರ್ಯನ 760 ಪಟ್ಟಿನ ಆಸುಪಾಸಿಗೆ, ದೂರವನ್ನು ಸುಮಾರು 550 ಜ್ಯೋತಿರ್ವರ್ಷಕ್ಕೆ ತಂದಿತು. ಅದಕ್ಕೂ ಹಿಂದಿನ ರೇಡಿಯೊ ಅಳತೆಯಲ್ಲಿ ದೂರ 700 ದಾಟಿತ್ತು. ನಿಧಾನದ ಅಲೆ ಒಂದು ಪುಟ್ಟ ಜೊತೆಗಾರ ನಕ್ಷತ್ರದ ಕೆಲಸ ಎಂದು 2024ರಲ್ಲಿ ಎರಡು ತಂಡಗಳು ಹೇಳಿದವು. 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದಿಂದ ಆ ಜೊತೆಗಾರನ ಸಂಭವನೀಯ ಸುಳಿವು ಪ್ರಕಟವಾಯಿತು. ಇಂಥ ವಾದಗಳಿಗೆಲ್ಲ ಮೂಲ ಸಾಮಗ್ರಿ ಸುಮಾರು ನೂರು ವರ್ಷಗಳಿಂದ ಹವ್ಯಾಸಿಗಳು ಬರೆದಿಟ್ಟ ಅಂಕಿಗಳು.

ಹೊಳಪು ದಿಢೀರನೆ ಇಳಿದರೆ ಹೇಗೆ ಯೋಚಿಸಬೇಕು? 2020ನ್ನೇ ತೆಗೆದುಕೊಳ್ಳಿ. 0.5ರಿಂದ 1.6ಕ್ಕೆ ಇಳಿಯುವುದೆಂದರೆ ಬೆಳಕು 2.75 ಪಟ್ಟು ಕಡಿಮೆಯಾದಂತೆ. ಆ ಫೆಬ್ರವರಿಯ ರೋಹಿತದಿಂದ ಪಡೆದ ಉಷ್ಣತೆ 3,600 ಕೆಲ್ವಿನ್, 2004ರಲ್ಲಿ ಅಳೆದಾಗ 3,650. ಇಷ್ಟು ಸಣ್ಣ ಇಳಿಕೆಯೊಂದರಿಂದಲೇ ಅಷ್ಟು ಕತ್ತಲು ಬರಲಾರದು. ಚಿಲಿಯ ವಿಎಲ್‌ಟಿ ದೂರದರ್ಶಕ 2019ರ ಡಿಸೆಂಬರ್‌ನಲ್ಲಿ ತೆಗೆದ ಚಿತ್ರದಲ್ಲಿ ನಕ್ಷತ್ರದ ದಕ್ಷಿಣಾರ್ಧ ಕಪ್ಪಾಗಿತ್ತು, ಅದೇ ವರ್ಷದ ಜನವರಿಯ ಚಿತ್ರದಲ್ಲಿ ಹಾಗಿರಲಿಲ್ಲ. ಹಬಲ್ ದೂರದರ್ಶಕ ಆ ಶರತ್ಕಾಲದಲ್ಲೇ ದಕ್ಷಿಣ ಭಾಗದಿಂದ ದಟ್ಟ ಬಿಸಿ ಅನಿಲ ಹೊರಹೊಮ್ಮಿದ್ದನ್ನು ಕಂಡಿತ್ತು. ಆ ಅನಿಲ ತಣಿದು ದೂಳಾಗಿ ನಮ್ಮ ಕಡೆಗೆ ಅಡ್ಡ ನಿಂತಿತ್ತು. ಜಪಾನಿನ ಹಿಮವಾರಿ-8 ಹವಾಮಾನ ಉಪಗ್ರಹದ ಚಿತ್ರಗಳ ಮೂಲೆಯಲ್ಲಿ ಆರ್ದ್ರಾ ಬೀಳುತ್ತಿತ್ತು. ಅದನ್ನು ಹೆಕ್ಕಿ ಲೆಕ್ಕ ಹಾಕಿದವರಿಗೆ ದೂಳು ಮತ್ತು ತಂಪು ಎರಡೂ ಹೆಚ್ಚುಕಮ್ಮಿ ಸಮಪಾಲು ಎಂದು ತಿಳಿಯಿತು. ಏಪ್ರಿಲ್ ಹೊತ್ತಿಗೆ ನಕ್ಷತ್ರ ಮೊದಲಿನ ಹೊಳಪಿಗೆ ಬಂದಿತ್ತು.

ತಿರುಳಿನ ಗಡಿಯಾರ

ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕವಿರುವ ನಕ್ಷತ್ರ ಮೊದಲು ನೀಲಿಬಿಳುಪಾಗಿ ಹುಟ್ಟಿ, ತಿರುಳಿನ ಜಲಜನಕ ಮುಗಿದ ಮೇಲೆ ಹಿಗ್ಗಿ ತಣಿದು ಕೆಂಪು ಮಹಾದೈತ್ಯವಾಗುತ್ತದೆ. ಸೂರ್ಯನ 15 ಪಟ್ಟು ತೂಕದ ನಕ್ಷತ್ರದ ತಿರುಳಿನಲ್ಲಿ ಒಂದೊಂದು ಇಂಧನ ಉರಿದು ಮುಗಿಯಲು ಮಾದರಿ ಲೆಕ್ಕಗಳು ಕೊಡುವ ಕಾಲಾವಧಿ ಹೀಗಿದೆ:

- ಜಲಜನಕ: 1.1 ಕೋಟಿ ವರ್ಷ
- ಹೀಲಿಯಂ: ಸುಮಾರು 20 ಲಕ್ಷ ವರ್ಷ
- ಇಂಗಾಲ: ಸುಮಾರು 2,000 ವರ್ಷ
- ನಿಯಾನ್: ಒಂಬತ್ತು ತಿಂಗಳು
- ಆಮ್ಲಜನಕ: ಎರಡೂವರೆ ವರ್ಷ
- ಸಿಲಿಕಾನ್: 18 ದಿನ

25 ಪಟ್ಟು ತೂಕದ್ದಕ್ಕೆ ಇಂಗಾಲ 500 ವರ್ಷದಲ್ಲಿ, ಸಿಲಿಕಾನ್ ಒಂದು ದಿನದೊಳಗೆ ಮುಗಿಯುತ್ತದೆ. ಈ ಅವಸರಕ್ಕೆ ಕಾರಣ ನ್ಯೂಟ್ರಿನೊ, ಅಂದರೆ ವಸ್ತುವಿಗೆ ಹೆಚ್ಚುಕಮ್ಮಿ ತಾಗದೆ ಹಾದುಹೋಗುವ ಅತಿ ಸಣ್ಣ ಕಣ. ತಿರುಳಿನ ಉಷ್ಣತೆ 80 ಕೋಟಿ ಕೆಲ್ವಿನ್ ಮುಟ್ಟಿ ಇಂಗಾಲ ಹೊತ್ತಿಕೊಂಡ ಮೇಲೆ ಶಕ್ತಿಯ ಬಹುಪಾಲು ನ್ಯೂಟ್ರಿನೊಗಳ ರೂಪದಲ್ಲಿ ನೇರ ಹೊರಗೆ ಸೋರಿಹೋಗುತ್ತದೆ, ಮೇಲಿನ ಪದರಗಳಿಗೆ ತಾಗುವುದೇ ಇಲ್ಲ. ಸೋರಿಕೆ ತುಂಬಲು ಇಂಧನ ಇನ್ನೂ ವೇಗವಾಗಿ ಉರಿಯಬೇಕು.

ಆರ್ದ್ರೆಯ ಹೊಳಪಿನಿಂದ ಸ್ಫೋಟದ ಮುಹೂರ್ತ ಹೇಳಲಾಗದು ಎನ್ನುವುದು ಇದಕ್ಕಾಗಿಯೇ. ನಾವು ನೋಡುವ ಬೆಳಕು ತಿರುಳಿನ ಸುತ್ತಲಿನ ಪದರಗಳಲ್ಲಿ ಹುಟ್ಟಿ, ಉಬ್ಬಿದ ಹೊದಿಕೆಯನ್ನು ಹಾದು ಬಂದದ್ದು. ಒಳಗಿನ ಬದಲಾವಣೆಗೆ ಆ ಹೊದಿಕೆ ಹೊಂದಿಕೊಳ್ಳಲು ದಶಕಗಳು ಬೇಕು. ನಿಯಾನ್‌ನಿಂದ ಮುಂದಿನ ಹಂತಗಳೆಲ್ಲ ಅಷ್ಟರೊಳಗೆ ಮುಗಿದಿರುತ್ತವೆ. ಅಪವಾದವೂ ಇದೆ ಎನ್ನಬೇಕು: ಎಸ್‌ಎನ್ 2020ಟಿಎಲ್‌ಎಫ್ ಎಂಬ ಸೂಪರ್‌ನೋವಾದ (ನಕ್ಷತ್ರ ಸ್ಫೋಟದ) ಮೂಲ ನಕ್ಷತ್ರ ಸಿಡಿಯುವ ಮುಂಚಿನ ನಾಲ್ಕು ತಿಂಗಳು ಎಂದಿಗಿಂತ ಪ್ರಖರವಾಗಿತ್ತು. ಗಮನಿಸಿ, ಅದು ಪ್ರಖರವಾಗಿತ್ತು, ಮಂಕಾಗಿರಲಿಲ್ಲ.

ಆರ್ದ್ರಾ ಈಗ ಹೀಲಿಯಂ ಉರಿಸುತ್ತಿದೆ ಎಂಬುದು ಹೆಚ್ಚಿನವರ ಅಭಿಪ್ರಾಯ. ಹಾಗಿದ್ದರೆ ಅದಕ್ಕೆ ಇನ್ನೂ ಸುಮಾರು ಲಕ್ಷ ವರ್ಷ ಆಯುಷ್ಯವಿದೆ. ಕೆಂಪಾಗಿ ಬಹಳ ಕಾಲವಾಗಿಲ್ಲ ಎಂಬುದಕ್ಕೆ ಚೀನಾದ ಇತಿಹಾಸಕಾರ ಸಿಮಾ ಚಿಯಾನ್ ಸುಮಾರು ಕ್ರಿ.ಪೂ. 100ರಲ್ಲಿ ಅದನ್ನು ಹಳದಿ ನಕ್ಷತ್ರವೆಂದು ಬರೆದಿರುವುದು ಒಂದು ಸುಳಿವು. 2022ರ ಒಂದು ಅಧ್ಯಯನ ಇದನ್ನೇ ಆಧರಿಸಿ ನಕ್ಷತ್ರದ ತೂಕವನ್ನು ಸೂರ್ಯನ 14 ಪಟ್ಟಿನ ಹತ್ತಿರಕ್ಕೆ ಅಂದಾಜಿಸಿದೆ.

ಕೊನೆಗೆ ತಿರುಳು ಕಬ್ಬಿಣವಾಗುತ್ತದೆ, ಕಬ್ಬಿಣದ ಸಮ್ಮಿಲನದಿಂದ ಶಕ್ತಿ ಸಿಗುವುದಿಲ್ಲ. ಅದರ ರಾಶಿ ಚಂದ್ರಶೇಖರ್ ಮಿತಿಯ (ಅಂಥ ತಿರುಳು ಕುಸಿಯದೆ ಹೊರಬಲ್ಲ ಗರಿಷ್ಠ ತೂಕದ) ಹತ್ತಿರ ಬಂದಾಗ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗೆಲಾಕ್ಸಿಯಲ್ಲಿ ಕಂಡುಹಿಡಿದ ಸೂಪರ್‌ನೋವಾ ಇದೇ ಬಗೆಯದು. ಹಳೆಯ ಚಿತ್ರಗಳಲ್ಲಿ ಅದೇ ಜಾಗದಲ್ಲಿ ದೂಳು ಮುಸುಕಿದ ಒಂದು ಕೆಂಪು ಮಹಾದೈತ್ಯ ಸಿಕ್ಕಿತು.

ಸಿಡಿದೇಬಿಟ್ಟರೆ

ಮೊದಲ ಸುದ್ದಿ ಬರುವುದು ಬೆಳಕಿನಿಂದಲ್ಲ. 1987ರ ಫೆಬ್ರವರಿ 23ರಂದು ಜಪಾನ್, ಅಮೆರಿಕ, ಸೋವಿಯತ್ ರಷ್ಯಾಗಳ ಭೂಗತ ಉಪಕರಣಗಳು ಒಂದು ಸೂಪರ್‌ನೋವಾದಿಂದ ಬಂದ ಇಪ್ಪತ್ತಕ್ಕೂ ಹೆಚ್ಚು ನ್ಯೂಟ್ರಿನೊಗಳನ್ನು ಹಿಡಿದವು. ಬೆಳಕು ಬಂದದ್ದು ಎರಡು ಮೂರು ಗಂಟೆಗಳ ನಂತರ. ಆಗ ಸಿಡಿದದ್ದು ಗಾತ್ರದಲ್ಲಿ ಚಿಕ್ಕದಾದ ನೀಲಿ ಮಹಾದೈತ್ಯ. ಆರ್ದ್ರೆಯ ಉಬ್ಬಿದ ಮೈಯನ್ನು ಆಘಾತ ಅಲೆ ಸೀಳಿ ಹೊರಬರಲು ಒಂದು ದಿನದಷ್ಟು ಬೇಕಾಗಬಹುದು. ಸ್ನ್ಯೂಸ್ ಎಂಬ ಅಂತರರಾಷ್ಟ್ರೀಯ ಜಾಲ ನ್ಯೂಟ್ರಿನೊ ಎಚ್ಚರಿಕೆಯನ್ನು ಇಮೇಲ್‌ನಲ್ಲಿ ಉಚಿತವಾಗಿ ಕಳಿಸುತ್ತದೆ. ಇವತ್ತೇ ಹೆಸರು ಕೊಟ್ಟಿಡಿ. ಆರ್ದ್ರೆಯಷ್ಟು ಹತ್ತಿರದ್ದಾದರೆ ಸಿಲಿಕಾನ್ ಉರಿಯುವಾಗಿನ ನ್ಯೂಟ್ರಿನೊಗಳೇ ಕ್ಯಾಮ್‌ಲ್ಯಾಂಡ್‌ನಂಥ ಜಪಾನಿನ ಭೂಗತ ಉಪಕರಣಗಳಿಗೆ ಸಿಗುವ ಸಾಧ್ಯತೆಯಿದೆ.

ಎಚ್ಚರಿಕೆ ಬಂದರೆ ಪ್ರತಿ ಹತ್ತು ನಿಮಿಷಕ್ಕೊಂದು ಅಂದಾಜು ಬರೆಯಿರಿ, ಸಮಯ ನಿಮಿಷದ ಮಟ್ಟಿಗೆ ನಿಖರವಾಗಿರಲಿ. ಏರಿಕೆಯ ಮೊದಲ ಗಂಟೆಗಳೇ ಬಹುಮುಖ್ಯ. ಹೋಲಿಕೆಗೆ ಮೊದಲು ಲುಬ್ಧಕ, ನಂತರ ಗುರು, ಆಮೇಲೆ ಶುಕ್ರ ಇದ್ದರೆ ಶುಕ್ರ. ಕೊನೆಗೆ ಅದು ಅರ್ಧಚಂದ್ರನ ಮಟ್ಟಕ್ಕೆ, ಅಂದರೆ −10ರ ಆಸುಪಾಸಿಗೆ ಹೋಗಬಹುದು. ಆಗ 10×50 ಬೈನಾಕ್ಯುಲರ್ ತಿರುಗಿಸಿ ಹಿಡಿದು ದೊಡ್ಡ ಕಡೆಯಿಂದ ಒಂದು ಕಣ್ಣಲ್ಲಿ ನೋಡಿ: ಹೊಳಪು ಸುಮಾರು 5 ಕಾಂತಿಮಾನ ತಗ್ಗುತ್ತದೆ. ಇನ್ನೊಂದು ಬರಿಗಣ್ಣಿನಲ್ಲಿ ಶುಕ್ರನನ್ನು ನೋಡಿ ಹೋಲಿಸಿ. ಚಂದ್ರಗ್ರಹಣದ ಹೊಳಪು ಅಳೆಯುವವರು ಬಳಸುವ ಹಳೆಯ ಉಪಾಯ ಇದು. ಅದೇ ಬೈನಾಕ್ಯುಲರ್‌ನಲ್ಲಿ ಲುಬ್ಧಕವನ್ನೂ ನೋಡಿ ಎಷ್ಟು ತಗ್ಗುತ್ತದೆಂದು ಮೊದಲೇ ಪರೀಕ್ಷಿಸಿಟ್ಟುಕೊಂಡರೆ ಗಾಜಿನ ನಷ್ಟವೂ ಲೆಕ್ಕಕ್ಕೆ ಸಿಗುತ್ತದೆ. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವುದು ಬೇಡ.

ಸುಮಾರು ನೂರು ದಿನ ಹೊಳಪು ಹೆಚ್ಚು ಇಳಿಯದೆ ನಿಂತು, ಆಮೇಲೆ ಬೀಳುತ್ತದೆ. ಆ ಬಳಿಕ ಕೋಬಾಲ್ಟ್-56 ಕ್ಷಯಿಸುವ ವೇಗದಲ್ಲಿ ನೂರು ದಿನಕ್ಕೆ ಒಂದು ಕಾಂತಿಮಾನದಂತೆ ಇಳಿಯುತ್ತಾ ಹೋಗುತ್ತದೆ. ನಿಮ್ಮ ಗ್ರಾಫಿನ ಇಳಿಜಾರು ಇದಕ್ಕೆ ಹೊಂದುತ್ತಿದೆಯೇ ಎಂದು ನೀವೇ ನೋಡಬಹುದು. ನಮಗೇನೂ ಅಪಾಯವಿಲ್ಲ, ಆ ದೂರ ಬಹಳ ಹೆಚ್ಚು.

ಮೇ ತಿಂಗಳ ನಂತರ

ಆರ್ದ್ರಾ ಪಶ್ಚಿಮಕ್ಕೆ ಇಳಿದಾಗ ವೃಶ್ಚಿಕದ ಜ್ಯೇಷ್ಠಾ ಪೂರ್ವದಲ್ಲಿ ಏರಿರುತ್ತದೆ. ಅದೂ ಕೆಂಪು ಮಹಾದೈತ್ಯವೇ. ಅದರ ಹೊಳಪು ಸಾಮಾನ್ಯವಾಗಿ 0.9ರಿಂದ 1.2ರ ನಡುವೆ ನಿಧಾನಕ್ಕೆ ಓಲಾಡುತ್ತದೆ. ಹೋಲಿಕೆಗೆ ಚಿತ್ತಾ 1.0, ಶ್ರವಣ 0.8, ವೃಶ್ಚಿಕದ ಕೊಂಡಿಯಲ್ಲಿರುವ ಮೂಲಾ 1.6. ಬೆಂಗಳೂರಿನಲ್ಲಿ ಜ್ಯೇಷ್ಠಾ 51 ಡಿಗ್ರಿಗಿಂತ ಮೇಲೇರುವುದಿಲ್ಲ. ಹೀಗಾಗಿ ಗಾಳಿಯ ಲೆಕ್ಕ ಇಲ್ಲಿ ಪ್ರತಿ ಸಲವೂ ಹಾಕಲೇಬೇಕು. ಮುಂಗಾರು ಶುರುವಾಗುವ ಮುಂಚಿನ ಏಪ್ರಿಲ್, ಮೇ ತಿಂಗಳ ನಡುರಾತ್ರಿಗಳೇ ಅದಕ್ಕೆ ಪ್ರಶಸ್ತ. ಮಳೆ ಬಿಡುವು ಕೊಟ್ಟ ರಾತ್ರಿ ಗಾಳಿ ತೊಳೆದಿಟ್ಟಂತೆ ಇರುವುದರಿಂದ ಏರ್‌ಮಾಸ್‌ನ ನಷ್ಟವನ್ನು 0.3ರ ಬದಲು 0.2 ಹಿಡಿದು ನೋಡಿ.